ಬೇಸಿಗೆಯಲ್ಲಿ ಎಸಿ ಕೈಕೊಟ್ಟಾಗ: ಗ್ಯಾಸನ್ನು ಅನುಮಾನಿಸುವ ಮೊದಲು ನೋಡಬೇಕಾದವು

ಬಿರುಬೇಸಿಗೆಯ ಮಧ್ಯಾಹ್ನ ಎಸಿ ತಂಪು ಕೊಡುವುದನ್ನು ನಿಲ್ಲಿಸಿದರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು ‘ಗ್ಯಾಸ್ ಖಾಲಿಯಾಗಿರಬೇಕು’ ಎಂಬುದು. ಈ ಮಾತು ಎಷ್ಟು ರೂಢಿಯಾಗಿದೆಯೆಂದರೆ, ಯಂತ್ರದ ಮುಚ್ಚಳ ತೆಗೆಯುವುದಕ್ಕೂ ಮುಂಚೆಯೇ ಗ್ಯಾಸ್ ತುಂಬಿಸುವ ತೀರ್ಮಾನವಾಗಿಬಿಟ್ಟಿರುತ್ತದೆ. ಎಸಿಯೊಳಗಿನ ಶೀತಕ ಅನಿಲವು ವಾಹನದ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ತಾಮ್ರದ ಕೊಳವೆಗಳೊಳಗೆ ಅದೇ ಅನಿಲ ಒಮ್ಮೆ ಆವಿಯಾಗಿ, ಇನ್ನೊಮ್ಮೆ ದ್ರವವಾಗಿ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಆದ್ದರಿಂದ ಅನುಮಾನಕ್ಕೂ ಒಂದು ಕ್ರಮ ಬೇಕು. ಮೊದಲು ವಿದ್ಯುತ್ತು, ನಂತರ ರಿಮೋಟ್, ಆಮೇಲೆ ಗಾಳಿಯ ಹರಿವು, ಆಮೇಲೆ ಹೊರಘಟಕ, ಇವೆಲ್ಲ ಸರಿಯಿದ್ದರೆ ಮಾತ್ರ ಗ್ಯಾಸು. ಈ ಲೇಖನವು ಮನೆಗಳಲ್ಲಿ ಹೆಚ್ಚಾಗಿ ಕಾಣುವ ಸ್ಪ್ಲಿಟ್ ಎಸಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅದೇ ಕ್ರಮದಲ್ಲಿ ಸಾಗುತ್ತದೆ. ಇಲ್ಲಿನ ಬಹುಪಾಲು ಮಾತು ಕಿಟಕಿ ಎಸಿಗೂ ಅನ್ವಯಿಸುತ್ತದೆ.

ಹುಡುಕಾಟಕ್ಕೆ ಬೇಕಾಗುವಷ್ಟು ತಿಳಿವಳಿಕೆ ಹೆಚ್ಚೇನಲ್ಲ. ಎಸಿ ತಂಪನ್ನು ಉತ್ಪಾದಿಸುವುದಿಲ್ಲ. ಕೋಣೆಯೊಳಗಿನ ಶಾಖವನ್ನು ಹೊತ್ತುಕೊಂಡು ಹೋಗಿ ಹೊರಗೆ ಚೆಲ್ಲುತ್ತದೆ. ಒಳಘಟಕದ ಕಾಯಿಲ್‌ನಲ್ಲಿ (ಸಾಲಾಗಿ ಬಾಗಿಸಿದ ಕೊಳವೆಗಳಲ್ಲಿ) ಶೀತಕವು ಆವಿಯಾಗುತ್ತಾ ಶಾಖ ಹೀರುತ್ತದೆ, ಹೊರಘಟಕದ ಕಂಪ್ರೆಸರ್ ಅದನ್ನು ಒತ್ತಿ ಬಿಸಿಮಾಡುತ್ತದೆ, ಹೊರಗಿನ ಕಾಯಿಲ್ ಮತ್ತು ಫ್ಯಾನ್ ಆ ಶಾಖವನ್ನು ಗಾಳಿಗೆ ಬಿಡುತ್ತವೆ. ಎಸಿಯ ಗಾತ್ರವನ್ನು ನಾವು ಹೇಳುವ ‘ಟನ್’ ಕೂಡ ತೂಕವಲ್ಲ. ಸುಮಾರು 907 ಕಿಲೋ ಮಂಜುಗಡ್ಡೆಯನ್ನು 24 ಗಂಟೆಗಳಲ್ಲಿ ಕರಗಿಸಲು ಬೇಕಾಗುವ ಶಾಖದ ಲೆಕ್ಕ ಅದು; ಇಂದಿನ ಭಾಷೆಯಲ್ಲಿ 1 ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್. ಶಾಖ ಹೊರುವ ಈ ದಾರಿಯಲ್ಲಿ ಎಲ್ಲಿ ತಡೆಯುಂಟಾದರೂ ಒಳಗೆ ಕುಳಿತವರಿಗೆ ಕಾಣುವ ಲಕ್ಷಣ ಒಂದೇ, ಸೆಕೆ. ಕಾರಣ ಹುಡುಕುವುದು ಗೊಂದಲವಾಗುವುದು ಅದರಿಂದಲೇ.

ಕೈ ಹಾಕುವ ಮೊದಲು

ಸುಟ್ಟ ವಾಸನೆ, ಹೊಗೆ, ಕಿಡಿ, ಕರಗಿದ ಪ್ಲಗ್, ಘಟಕವನ್ನು ಮುಟ್ಟಿದಾಗ ಜುಮ್ಮೆನ್ನುವ ಅನುಭವ, ಇವುಗಳಲ್ಲಿ ಯಾವುದೊಂದು ಕಂಡರೂ ಪರೀಕ್ಷೆ ಅಲ್ಲಿಗೇ ಮುಗಿಯಿತು. ರಿಮೋಟಿನಿಂದ ಆಫ್ ಮಾಡಿದರೆ ಸಾಲದು, ಏಕೆಂದರೆ ಆಗಲೂ ಘಟಕದೊಳಗೆ ವಿದ್ಯುತ್ತು ಇದ್ದೇ ಇರುತ್ತದೆ; ಎಸಿಗೆ ಮೀಸಲಾದ ಎಂಸಿಬಿಯನ್ನೇ (ಕರೆಂಟು ಮಿತಿಮೀರಿದಾಗ ತಾನಾಗಿ ಬೀಳುವ ಸ್ವಿಚ್ಚು) ಕೆಳಗಿಳಿಸಿ ತಂತ್ರಜ್ಞರನ್ನು ಕರೆಯಬೇಕು. ಫಿಲ್ಟರ್ ತೆಗೆಯುವುದರಿಂದ ಹಿಡಿದು ಮುಂದೆ ಹೇಳುವ ಯಾವುದೇ ಶುಚಿಕಾರ್ಯಕ್ಕೂ ಎಂಸಿಬಿ ಇಳಿಸಿಯೇ ಕೈ ಹಾಕಬೇಕು. ಹೊರಘಟಕವು ಮಹಡಿಯ ಹೊರಗೋಡೆಗೆ ನೇತುಬಿದ್ದಿದ್ದರೆ ಕಿಟಕಿಯಿಂದ ಬಗ್ಗಿ ಅದನ್ನು ಶುಚಿಗೊಳಿಸುವ ಸಾಹಸ ಬೇಡ. ಕಿಟಕಿಯೊಳಗೆ ನಿಂತು ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಸಾಕು.

ಜೀವವೇ ಇಲ್ಲದಂತಿದ್ದರೆ

ಒಳಘಟಕದಲ್ಲಿ ದೀಪವಿಲ್ಲ, ರಿಮೋಟ್ ಒತ್ತಿದರೆ ಬೀಪ್ ಇಲ್ಲ ಎಂದಾದರೆ ನೇರವಾಗಿ ವಿದ್ಯುತ್ ಪೆಟ್ಟಿಗೆಯ ಬಳಿಗೆ ಹೋಗಿ. ಎಂಸಿಬಿ ಬಿದ್ದಿದ್ದರೆ ಅದು ಕೆಲವೊಮ್ಮೆ ಪೂರ್ತಿ ಕೆಳಗಿಳಿಯದೆ ನಡುವೆ ನಿಂತಿರುತ್ತದೆ. ಪೂರ್ತಿ ಕೆಳಗೆಳೆದು ನಂತರ ಮೇಲೆತ್ತಬೇಕು. ಹೀಗೆ ಮೇಲೆತ್ತುವುದು ಒಂದೇ ಸಲ. ಎಂಸಿಬಿ ಮತ್ತೆ ಬಿದ್ದರೆ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ, ಮುಂದೆ ಎಲ್ಲೋ ಶಾರ್ಟ್ ಆಗಿದೆ ಅಥವಾ ಕಂಪ್ರೆಸರ್ ಮಿತಿಮೀರಿ ಕರೆಂಟು ಎಳೆಯುತ್ತಿದೆ ಎಂದು ತಿಳಿಯಬೇಕು. ಬೀಳುವ ಎಂಸಿಬಿಯನ್ನು ತೆಗೆದು ಹೆಚ್ಚು ಆಂಪಿಯರಿನದನ್ನು ಹಾಕಿಸಿಕೊಳ್ಳುವುದು ಬೆಂಕಿಗೆ ದಾರಿ ಬಿಟ್ಟುಕೊಟ್ಟಂತೆ, ಏಕೆಂದರೆ ಆ ಎಂಸಿಬಿ ಕಾಯುವುದು ಎಸಿಯನ್ನಷ್ಟೇ ಅಲ್ಲ, ಗೋಡೆಯೊಳಗಿನ ತಂತಿಯನ್ನೂ ಕಾಯುತ್ತದೆ.

ಬೀಳುವ ಕ್ಷಣವೂ ಒಂದು ಸುಳಿವು. ಎಸಿ ಹಾಕಿದ ಕೂಡಲೇ ಬಿದ್ದರೆ ಶಾರ್ಟ್ ಇರುವ ಸಾಧ್ಯತೆ ಹೆಚ್ಚು. ಕಂಪ್ರೆಸರ್ ಶುರುವಾಗುವ ಹೊತ್ತಿಗೆ ಸರಿಯಾಗಿ ಬಿದ್ದರೆ ಕಂಪ್ರೆಸರ್ ಅಥವಾ ಅದು ಶುರುವಾಗಲು ನೆರವಾಗುವ ಕೆಪಾಸಿಟರ್ ಕಡೆಗೆ ಬೆರಳು ತೋರಿಸಬಹುದು. ಅರ್ಧ ಗಂಟೆ ಓಡಿ ನಂತರ ಬಿದ್ದರೆ ಹೊರಗಿನ ಕಾಯಿಲ್ ಉಸಿರುಕಟ್ಟಿ ಭಾರ ಹೆಚ್ಚಾಗಿರಬಹುದು, ಇಲ್ಲವೇ ಎಲ್ಲೋ ತಂತಿಯ ಬಿಗಿ ಸಡಿಲಾಗಿ ಬಿಸಿಯಾಗುತ್ತಿರಬಹುದು. ತಂತ್ರಜ್ಞರಿಗೆ ‘ಟ್ರಿಪ್ ಆಗುತ್ತಿದೆ’ ಎಂದಷ್ಟೇ ಹೇಳುವ ಬದಲು ಯಾವಾಗ ಎಂದೂ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಪ್ಲಗ್ ಮತ್ತು ಸಾಕೆಟ್ಟನ್ನು ಎಂಸಿಬಿ ಇಳಿಸಿದ ಮೇಲೆ ಬಿಚ್ಚಿ ನೋಡಿ. ಪಿನ್ನುಗಳು ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಸಂಪರ್ಕ ಸಡಿಲವಾಗಿ ಸುಡುತ್ತಿದೆ ಎಂದರ್ಥ. ಎರಡನ್ನೂ ಒಟ್ಟಿಗೆ ಬದಲಿಸಬೇಕು. 1.5 ಟನ್ನಿನ ಎಸಿ 230 ವೋಲ್ಟಿನಲ್ಲಿ ಸಾಮಾನ್ಯವಾಗಿ 7–8 ಆಂಪಿಯರಿನಷ್ಟು ಕರೆಂಟನ್ನು ಗಂಟೆಗಟ್ಟಲೆ ಎಳೆಯುತ್ತದೆ, ಇನ್ವರ್ಟರ್ ಅಲ್ಲದ (ಅಂದರೆ ಕಂಪ್ರೆಸರಿನ ವೇಗ ಬದಲಾಗದ) ಯಂತ್ರಗಳು ಶುರುವಾಗುವ ಕ್ಷಣದಲ್ಲಿ ಇದರ ಹಲವು ಪಟ್ಟು ಎಳೆಯುತ್ತವೆ. ತೆಳುವಾದ ಎಕ್ಸ್‌ಟೆನ್ಷನ್ ಬೋರ್ಡಿಗೆ ಎಸಿಯನ್ನು ಸಿಕ್ಕಿಸಬಾರದು ಎನ್ನುವುದು ಇದಕ್ಕೇ.

ಸ್ಟೆಬಿಲೈಸರ್ ಇದ್ದರೆ ಅದರ ಮೇಲಿನ ಅಂಕಿಯನ್ನು ನೋಡಿ. ಬೇಸಿಗೆಯ ಸಂಜೆ ಸುತ್ತಮುತ್ತಲಿನ ಎಲ್ಲ ಎಸಿಗಳೂ ಒಟ್ಟಿಗೆ ಓಡುವಾಗ ವೋಲ್ಟೇಜು ಕುಸಿಯುತ್ತದೆ, ಆಗ ಸ್ಟೆಬಿಲೈಸರ್ ತಾನಾಗಿಯೇ ಸರಬರಾಜನ್ನು ಕಡಿದುಬಿಡುತ್ತದೆ. ಹಗಲೆಲ್ಲ ಸರಿಯಿದ್ದ ಎಸಿ ಸಂಜೆ ಮಾತ್ರ ಹಟಮಾರಿಯಾದರೆ, ಹುಳುಕು ಎಸಿಯಲ್ಲಿಲ್ಲದಿರಬಹುದು.

ರಿಮೋಟ್ ಹೇಳುತ್ತಿರುವುದೇನು

ಇದನ್ನು ಓದಿ ನಗಬೇಡಿ. ಒಂದು ಬೇಸಿಗೆಯಲ್ಲಿ ನಾನು ಎರಡು ದಿನ ಸೆಕೆಯಲ್ಲಿ ಬೆಂದು, ತಂತ್ರಜ್ಞರನ್ನು ಕರೆಸಿದಾಗ ಅವರು ಮಾಡಿದ್ದು ರಿಮೋಟಿನ ಒಂದು ಗುಂಡಿಯನ್ನು ಎರಡು ಸಲ ಒತ್ತಿದ್ದು ಮಾತ್ರ. ಮನೆಯ ಮಕ್ಕಳ ಕೈಯಲ್ಲಿ ಅದು ‘ಡ್ರೈ’ ಮೋಡಿಗೆ ಹೋಗಿತ್ತು. ಡ್ರೈ ಮೋಡಿನಲ್ಲಿ ಎಸಿಯ ಗುರಿ ತೇವಾಂಶ ತೆಗೆಯುವುದು. ಫ್ಯಾನ್ ನಿಧಾನವಾಗಿ ತಿರುಗುತ್ತದೆ, ಕಂಪ್ರೆಸರ್ ಬಿಟ್ಟು ಬಿಟ್ಟು ಓಡುತ್ತದೆ, ಬಿರುಬಿಸಿಲಿನಲ್ಲಿ ಕೋಣೆ ತಂಪಾಗುವುದಿಲ್ಲ. ‘ಫ್ಯಾನ್’ ಮೋಡಿನಲ್ಲಿ ಕಂಪ್ರೆಸರ್ ಶುರುವಾಗುವುದೇ ಇಲ್ಲ. ಆದ್ದರಿಂದ ಹಿಮದ ಹರಳಿನ ಚಿತ್ರವಿರುವ ‘ಕೂಲ್’ ಮೋಡ್ ಇದೆಯೇ, ನಿಗದಿಪಡಿಸಿದ ಉಷ್ಣತೆ ಕೋಣೆಯ ಉಷ್ಣತೆಗಿಂತ ಕೆಳಗಿದೆಯೇ, ಟೈಮರ್ ಅಥವಾ ಸ್ಲೀಪ್ ಆನ್ ಆಗಿದೆಯೇ ಎಂಬುದನ್ನು ಮೊದಲು ನೋಡಿ.

ರಿಮೋಟಿನ ಪರದೆ ಬೆಳಗುತ್ತಿದ್ದರೂ ಸಂಕೇತ ಹೊರಡದಿರಬಹುದು. ಮೊಬೈಲಿನ ಕ್ಯಾಮೆರಾ ತೆರೆದು ರಿಮೋಟಿನ ಮೂತಿಯನ್ನು ಅದರತ್ತ ಹಿಡಿದು ಗುಂಡಿ ಒತ್ತಿದರೆ, ಬರಿಗಣ್ಣಿಗೆ ಕಾಣದ ಅತಿಗೆಂಪು ಬೆಳಕು ಹಲವು ಫೋನುಗಳ ಪರದೆಯಲ್ಲಿ ಮಿನುಗುವುದು ಕಾಣುತ್ತದೆ; ಹಿಂಬದಿಯ ಕ್ಯಾಮೆರಾದಲ್ಲಿ ಕಾಣದಿದ್ದರೆ ಮುಂಬದಿಯದರಲ್ಲಿ ನೋಡಿ. ಬ್ಯಾಟರಿ ಬದಲಿಸಿದರೂ ಮಿನುಗದಿದ್ದರೆ ರಿಮೋಟ್ ಸತ್ತಿದೆ. ಆಗ ಒಳಘಟಕದ ಮುಂದಿನ ಹಲಗೆಯನ್ನು ಎತ್ತಿದರೆ ಸಿಗುವ ಚಿಕ್ಕ ಗುಂಡಿಯನ್ನು ಒತ್ತಿ ಎಸಿಯನ್ನು ನೇರವಾಗಿ ಶುರುಮಾಡಬಹುದು. ಬಹಳಷ್ಟು ಮಾದರಿಗಳಲ್ಲಿ ಈ ಗುಂಡಿ ಇರುತ್ತದೆ, ಬಹಳಷ್ಟು ಮನೆಗಳಲ್ಲಿ ಅದರ ಸುದ್ದಿಯೇ ಗೊತ್ತಿರುವುದಿಲ್ಲ.

ಇನ್ನೊಂದು ಮಾತು. ಎಸಿಯನ್ನು ಆಫ್ ಮಾಡಿ ತಕ್ಷಣ ಮತ್ತೆ ಹಾಕಿದರೆ ಒಳಗಿನ ಫ್ಯಾನ್ ಮಾತ್ರ ತಿರುಗಿ ಸುಮಾರು 3 ನಿಮಿಷ ತಂಪು ಬರುವುದಿಲ್ಲ. ಕೊಳವೆಗಳಲ್ಲಿನ ಒತ್ತಡ ಸಮನಾಗುವ ಮುನ್ನ ಕಂಪ್ರೆಸರ್ ಶುರುವಾದರೆ ಅದಕ್ಕೆ ಪೆಟ್ಟು ಬೀಳುತ್ತದೆಯೆಂದು ಯಂತ್ರದಲ್ಲೇ ಇಟ್ಟಿರುವ ವಿಳಂಬ ಇದು. ಸ್ಟೆಬಿಲೈಸರಿಗೂ ತನ್ನದೇ ವಿಳಂಬ ಇರಬಹುದು, ಎರಡೂ ಸೇರಿ 6 ನಿಮಿಷಗಳಾದೀತು. ತಾಳ್ಮೆಗೆಟ್ಟು ಪದೇಪದೇ ಗುಂಡಿ ಒತ್ತುತ್ತಿದ್ದರೆ ಈ ಎಣಿಕೆ ಪ್ರತಿಸಲವೂ ಮೊದಲಿನಿಂದ ಶುರುವಾಗುತ್ತದೆ.

ಗಾಳಿ ಬರುತ್ತಿದೆ, ತಂಪಿಲ್ಲ

ಈ ದೂರಿಗೆ ಮೊದಲ ಮದ್ದು ಫಿಲ್ಟರ್. ಒಳಘಟಕದ ಮುಂದಿನ ಹಲಗೆಯನ್ನೆತ್ತಿ ಜಾಲರಿಯಂಥ ಫಿಲ್ಟರುಗಳನ್ನು ಎಳೆದು ತೆಗೆಯಿರಿ. ಬೆಳಕಿಗೆ ಹಿಡಿದಾಗ ಆಚೆಗಿನದು ಕಾಣದಿದ್ದರೆ ನಿಮ್ಮ ಎಸಿ ಕಂಬಳಿ ಹೊದ್ದು ಉಸಿರಾಡುತ್ತಿದೆ ಎಂದು ತಿಳಿಯಿರಿ. ನಲ್ಲಿಯ ನೀರನ್ನು ಧೂಳು ಕೂತ ಬದಿಯ ಹಿಂದಿನಿಂದ ಬಿಟ್ಟರೆ ಕೊಳೆ ಸಲೀಸಾಗಿ ಬಿಡುತ್ತದೆ. ಬಿಸಿನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಿದ ಮೇಲಷ್ಟೇ ಹಾಕಬೇಕು. ಎಸಿ ದಿನವಿಡೀ ಓಡುವ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ಇದನ್ನು ಮಾಡುವುದು ಹೆಚ್ಚೇನಲ್ಲ.

ಫಿಲ್ಟರ್ ಹಾಕಿ, ಕೂಲ್ ಮೋಡಿನಲ್ಲಿ ಫ್ಯಾನನ್ನು ವೇಗವಾಗಿಟ್ಟು, ಉಷ್ಣತೆಯನ್ನು ಅತಿ ಕೆಳಗಿಟ್ಟು 15–20 ನಿಮಿಷ ಓಡಿಸಿ. ನಂತರ ಒಂದು ಸಾದಾ ಥರ್ಮಾಮೀಟರಿನಿಂದ ಎರಡು ಅಳತೆ ತೆಗೆದುಕೊಳ್ಳಿ. ಒಳಘಟಕದ ಮೇಲ್ಭಾಗದಲ್ಲಿ ಗಾಳಿ ಒಳಗೆ ಹೋಗುವಲ್ಲಿ ಒಂದು, ಕೆಳಗೆ ಗಾಳಿ ಹೊರಬರುವಲ್ಲಿ ಇನ್ನೊಂದು. ಜ್ವರ ನೋಡುವ ಥರ್ಮಾಮೀಟರು ಇದಕ್ಕೆ ಬಾರದು, ಕೋಣೆಯ ಉಷ್ಣತೆ ತೋರಿಸುವ ಚಿಕ್ಕ ಡಿಜಿಟಲ್ ಸಾಧನ ಸಾಕು. ಎರಡರ ನಡುವಿನ ಅಂತರ ಸುಮಾರು 8ರಿಂದ 12 ಡಿಗ್ರಿ ಸೆಲ್ಸಿಯಸ್ ಇದ್ದರೆ ಯಂತ್ರ ಶಾಖ ಹೊರುವ ಕೆಲಸವನ್ನು ಮಾಡುತ್ತಲೇ ಇದೆ, ತೊಂದರೆ ಕೋಣೆಯದು. ಗಾಳಿಯಲ್ಲಿ ತೇವ ತುಂಬಾ ಇದ್ದಾಗ ಅಂತರ ಇದಕ್ಕಿಂತ ಸ್ವಲ್ಪ ಕಡಿಮೆ ಬರುವುದು ಸಹಜ, ಏಕೆಂದರೆ ಎಸಿಯ ಶಕ್ತಿಯ ಒಂದು ಪಾಲು ತೇವವನ್ನು ನೀರಾಗಿಸುವುದಕ್ಕೇ ಹೋಗುತ್ತದೆ. ಅಂತರ 2–3 ಡಿಗ್ರಿಗೇ ನಿಂತಿದ್ದರೆ ಹೊರಘಟಕದ ಕಡೆ ಹೊರಡಬೇಕು. ನನ್ನ ಮಟ್ಟಿಗೆ, ಮನೆಯವರು ಮಾಡಬಹುದಾದ ಪರೀಕ್ಷೆಗಳಲ್ಲಿ ಇಷ್ಟು ಸತ್ಯ ಹೇಳುವುದು ಬೇರೊಂದಿಲ್ಲ. ಕೈಯೊಡ್ಡಿ ‘ತಣ್ಣಗಿದೆ, ತಣ್ಣಗಿಲ್ಲ’ ಎಂದು ವಾದಿಸುವುದಕ್ಕಿಂತ ಎರಡು ಅಂಕಿ ಮೇಲು.

ಹೊರಘಟಕ: ನೋಡಿ, ಕೇಳಿ

ಒಳಗೆ ತಂಪಿಲ್ಲದಿದ್ದಾಗ ಹೊರಘಟಕದ ಮುಂದೆ ನಿಂತರೆ ಹೆಚ್ಚುಕಡಿಮೆ ನಾಲ್ಕು ದೃಶ್ಯಗಳಲ್ಲಿ ಒಂದು ಎದುರಾಗುತ್ತದೆ.

ಫ್ಯಾನೂ ಇಲ್ಲ, ಸದ್ದೂ ಇಲ್ಲ ಎಂದರೆ ಒಳಗಿನಿಂದ ವಿದ್ಯುತ್ತಾಗಲಿ ಆಜ್ಞೆಯಾಗಲಿ ಹೊರಗೆ ತಲುಪಿಲ್ಲ. ರಿಲೇ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್ಚು), ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡು) ಅಥವಾ ಎರಡು ಘಟಕಗಳ ನಡುವಿನ ತಂತಿ ಕಾರಣವಾಗಿರುತ್ತದೆ. ಇಲಿ ಕಡಿದ ತಂತಿ, ಬೋರ್ಡಿನ ಮೇಲೆ ಸತ್ತುಬಿದ್ದ ಹಲ್ಲಿ, ರಿಲೇಯ ಸಂಪರ್ಕದ ನಡುವೆ ಸಿಕ್ಕಿಬಿದ್ದ ಇರುವೆಗಳು, ಇವು ಕಟ್ಟುಕಥೆಗಳಲ್ಲ, ಹೊರಘಟಕ ಬಿಚ್ಚುವವರು ದಿನನಿತ್ಯ ಕಾಣುವ ನೋಟಗಳು.

ಫ್ಯಾನ್ ತಿರುಗುತ್ತಿಲ್ಲ ಆದರೆ ಒಳಗೆ ಗುಂಯ್ ಎಂಬ ಸದ್ದಿದೆ ಎಂದರೆ ಫ್ಯಾನಿನ ಕೆಪಾಸಿಟರ್ ಅಥವಾ ಮೋಟರ್ ಹೋಗಿದೆ. ಎಸಿಯನ್ನು ತಕ್ಷಣ ನಿಲ್ಲಿಸಿ. ಫ್ಯಾನಿಲ್ಲದೆ ಕಂಪ್ರೆಸರ್ ಓಡಿದರೆ ಶಾಖ ಹೊರಹೋಗದೆ ಒತ್ತಡ ಏರಿ, ಚಿಕ್ಕ ರಿಪೇರಿಯಲ್ಲಿ ಮುಗಿಯಬೇಕಾದದ್ದು ಕಂಪ್ರೆಸರನ್ನೇ ಬಲಿ ತೆಗೆದುಕೊಳ್ಳುತ್ತದೆ. ಕೋಲಿನಿಂದ ಫ್ಯಾನನ್ನು ತಳ್ಳಿ ತಿರುಗಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ.

ಫ್ಯಾನ್ ತಿರುಗುತ್ತಿದೆ, ಆದರೆ ಹೊರಬರುವ ಗಾಳಿ ಬಿಸಿಯಾಗಿಲ್ಲ ಎಂದರೆ ಕಂಪ್ರೆಸರ್ ಓಡುತ್ತಿಲ್ಲ, ಇಲ್ಲವೇ ಓಡುತ್ತಿದ್ದರೂ ಒತ್ತಲು ಅನಿಲವಿಲ್ಲ. ಇಲ್ಲಿ ಕಿವಿ ಕೊಟ್ಟು ಕೇಳಬೇಕು. ಕೆಲವು ಕ್ಷಣ ಗುಂಯ್ ಎಂದು ಗುನುಗಿ, ಟಕ್ ಎಂದು ನಿಂತು, ಕೆಲವು ನಿಮಿಷಗಳ ನಂತರ ಮತ್ತದೇ ಮರುಕಳಿಸಿದರೆ, ಇನ್ವರ್ಟರ್ ಅಲ್ಲದ ಎಸಿಗಳಲ್ಲಿ ಮೊದಲ ಅನುಮಾನ ಕಂಪ್ರೆಸರಿನ ಕೆಪಾಸಿಟರಿನ ಮೇಲೆ. ಮನೆಬಳಕೆಯ ಎಸಿಗಳಲ್ಲಿ ಇದು ಸಾಮಾನ್ಯವಾಗಿ 25ರಿಂದ 60 ಮೈಕ್ರೋಫ್ಯಾರಡ್ ಅಳತೆಯ ಚಿಕ್ಕ ಡಬ್ಬಿ. ಬೇಸಿಗೆಯ ಶಾಖವೇ ಇದರ ಆಯುಸ್ಸನ್ನು ತಿನ್ನುವುದರಿಂದ, ಎಸಿ ಬೇಕೇಬೇಕಾದ ದಿನಗಳಲ್ಲೇ ಇದು ಕೈಕೊಡುತ್ತದೆ. ಡಬ್ಬಿಯ ತಲೆ ಉಬ್ಬಿದ್ದರೆ ಅಳೆಯುವ ಅಗತ್ಯವೂ ಇಲ್ಲ. ‘ಕಂಪ್ರೆಸರ್ ಹೋಗಿದೆ, ಹೊಸ ಎಸಿ ಕೊಳ್ಳುವುದೇ ಲೇಸು’ ಎಂಬ ತೀರ್ಪು ಬಂದಾಗ, ಕೆಪಾಸಿಟರನ್ನು ಮೀಟರಿನಲ್ಲಿ ಅಳೆದಿರಾ ಎಂದು ಒಂದು ಮಾತು ಕೇಳಿ. ಆದರೆ ಅದನ್ನು ನೀವೇ ಬಿಚ್ಚಲು ಹೋಗಬೇಡಿ. ವಿದ್ಯುತ್ ಕಡಿದ ಮೇಲೂ ಕೆಪಾಸಿಟರಿನಲ್ಲಿ ಪೆಟ್ಟು ಕೊಡುವಷ್ಟು ಚಾರ್ಜ್ ಉಳಿದಿರುತ್ತದೆ. ಇನ್ವರ್ಟರ್ ಎಸಿಯ ಹೊರ ಬೋರ್ಡಿನಲ್ಲಂತೂ 300 ವೋಲ್ಟಿಗೂ ಮೀರಿದ ಡಿಸಿ ಹಲವು ನಿಮಿಷ ಹಾಗೆಯೇ ನಿಂತಿರುತ್ತದೆ.

ನಾಲ್ಕನೆಯದು, ಬೇಸಿಗೆಯಲ್ಲಿ ಪದೇಪದೇ ಕಾಣುವಂಥದ್ದು: ಎಲ್ಲವೂ ಓಡುತ್ತಿವೆ, ಗಾಳಿ ಕೆಂಡದಂತೆ ಬಿಸಿಯಾಗಿದೆ, ಒಂದಷ್ಟು ಹೊತ್ತು ತಂಪು ಕೊಟ್ಟು ಯಂತ್ರ ನಿಂತುಬಿಡುತ್ತದೆ. ಕಂಪ್ರೆಸರ್ ಮಿತಿಮೀರಿ ಕಾದಾಗ ಅದರ ರಕ್ಷಣಾ ಸ್ವಿಚ್ಚು ತಾನಾಗಿ ಬಿಡಿಸಿಕೊಳ್ಳುತ್ತದೆ, ಆರಿದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಆರುವುದಕ್ಕೆ ಅರ್ಧ ಗಂಟೆ ಹಿಡಿಯಬಹುದು, ಒಂದು ಗಂಟೆಗೂ ಮೀರಬಹುದು. ಈ ಅವಧಿಯಲ್ಲಿ ಎಸಿ ಕೆಟ್ಟಿದೆಯೆಂದು ಭಾವಿಸುವವರು ಬಹಳ. ಕಾದದ್ದಕ್ಕೆ ಕಾರಣ ಹುಡುಕಲು ಘಟಕದ ಹಿಂಬದಿಯ ಜಾಲರಿ ನೋಡಿ. ತೆಳು ಅಲ್ಯೂಮಿನಿಯಂ ಪಟ್ಟಿಗಳ ಸಂದಿಗಳಲ್ಲಿ ಧೂಳು, ಹತ್ತಿಯಂಥ ನಾರು, ಒಣ ಎಲೆ, ಪಾರಿವಾಳದ ಪುಕ್ಕ ಸೇರಿ ಕಂಬಳಿ ಹೊದಿಸಿದಂತಾಗಿರುತ್ತದೆ. ಘಟಕಕ್ಕೆ ಕೈ ಸುರಕ್ಷಿತವಾಗಿ ಎಟಕುವಂತಿದ್ದರೆ, ಎಂಸಿಬಿ ಇಳಿಸಿ, ಮೆತ್ತನೆಯ ಬ್ರಷ್ಷಿನಿಂದ ಪಟ್ಟಿಗಳ ಉದ್ದಕ್ಕೇ ಗುಡಿಸಿ, ತೋಟಕ್ಕೆ ನೀರುಣಿಸುವ ಪೈಪಿನಿಂದ ಮೆಲ್ಲಗೆ ನೀರು ಹಾಯಿಸಿ. ವಾಹನ ತೊಳೆಯುವ ಜೋರು ಪಂಪು ಬೇಡ, ಪಟ್ಟಿಗಳು ಮಡಚಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ತಂತಿಗಳು ಸೇರುವ ಬದಿಗೆ ನೀರು ಎರಚಬಾರದು.

ಜಾಲರಿ ಶುಚಿಯಾಗಿದ್ದರೂ ಘಟಕ ಉಸಿರುಕಟ್ಟಬಹುದು. ಇಕ್ಕಟ್ಟಾದ ಡಕ್ಟಿನೊಳಗೋ, ಅಂದಕ್ಕೆಂದು ಅಡ್ಡಪಟ್ಟಿ ಹೊಡೆದ ಮರೆಯ ಹಿಂದೆಯೋ ಕೂರಿಸಿದ ಘಟಕವು ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಹೊರಗೆ 40 ಡಿಗ್ರಿ ಇದ್ದರೂ ಘಟಕದ ಪಾಲಿಗೆ ಅದು 50 ಡಿಗ್ರಿ. ನೆರಳು ಮಾಡುವುದು ಒಳ್ಳೆಯದೇ, ಆದರೆ ನೆರಳಿಗೆಂದು ಹಾಕಿದ ತಗಡು ಗಾಳಿಯ ಬಾಯಿಗೆ ಅಡ್ಡ ಬಂದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಮಂಜು ಕಟ್ಟಿದರೆ, ನೀರು ತೊಟ್ಟಿಕ್ಕಿದರೆ

ಒಳಘಟಕದ ಕಾಯಿಲ್ ಮೇಲೆ ಮಂಜುಗಡ್ಡೆ ಕಂಡರೆ ‘ಭಾರೀ ತಂಪು ಕೊಡುತ್ತಿದೆ’ ಎಂದು ಸಂತೋಷಪಡುವಂತಿಲ್ಲ. ಅದು ಕಾಯಿಲೆಯ ಲಕ್ಷಣ. ಕಾಯಿಲ್ ಮೇಲೆ ಸಾಕಷ್ಟು ಗಾಳಿ ಹಾಯದಿದ್ದರೆ ಅಥವಾ ಅನಿಲ ಕಡಿಮೆಯಾಗಿದ್ದರೆ ಅದರ ಉಷ್ಣತೆ ಸೊನ್ನೆಗಿಂತ ಕೆಳಗಿಳಿದು, ಗಾಳಿಯ ತೇವ ಅಲ್ಲೇ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಪದರ ಗಾಳಿಯನ್ನು ಇನ್ನಷ್ಟು ತಡೆಯುತ್ತದೆ. ಚಾಕು, ಸ್ಕ್ರೂಡ್ರೈವರ್‌ಗಳಿಂದ ಕೆರೆದರೆ ಕೊಳವೆಗೆ ತೂತು ಬೀಳುತ್ತದೆ. ಫ್ಯಾನ್ ಮೋಡಿನಲ್ಲಿ ಎರಡು ಮೂರು ಗಂಟೆ ಓಡಿಸಿ, ಕೆಳಗೊಂದು ಪಾತ್ರೆ ಇಟ್ಟು, ಪೂರ್ತಿ ಕರಗಲು ಬಿಡಿ. ನಂತರ ಶುಚಿಯಾದ ಫಿಲ್ಟರ್ ಹಾಕಿ ಕೂಲ್ ಮೋಡಿನಲ್ಲಿ ಓಡಿಸಿದಾಗ ಮಂಜು ಮರಳದಿದ್ದರೆ ಕಾರಣ ಗಾಳಿಯದಾಗಿತ್ತು. ಮರಳಿದರೆ ಒಳಗಿನ ಉರುಳೆಯಾಕಾರದ ಫ್ಯಾನು ಧೂಳು ಮೆತ್ತಿ ಕುಂದಿದೆಯೇ ಎಂದು ನೋಡಿಸಿ, ಅದಾದ ಮೇಲೆ ಅನಿಲದ ವಿಚಾರ.

ನೀರು ಕೋಣೆಯೊಳಗೆ ತೊಟ್ಟಿಕ್ಕುವುದು ಬಹುಮಟ್ಟಿಗೆ ಡ್ರೈನ್ ಪೈಪ್ ಪಾಚಿ ಕಟ್ಟಿಕೊಂಡದ್ದರಿಂದ. ಪೈಪಿನ ಹೊರತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿದ್ದರೆ ಅಥವಾ ನಡುವೆ ಎಲ್ಲಾದರೂ ಮೇಲಕ್ಕೆ ಬಾಗಿದ್ದರೆ ಮೊದಲು ಅದನ್ನು ಸರಿಪಡಿಸಿ.

ಪರದೆಯ ಮೇಲಿನ ಅಕ್ಷರಗಳು

ಈಚಿನ ಎಸಿಗಳು ತಮ್ಮ ನೋವನ್ನು ತಾವೇ ಹೇಳಿಕೊಳ್ಳುತ್ತವೆ. ಒಳಘಟಕದ ಪರದೆಯಲ್ಲಿ ಒಂದು ಅಕ್ಷರ, ಒಂದೆರಡು ಅಂಕಿ ಮೂಡಿದರೆ ಅಥವಾ ದೀಪ ಒಂದು ಲಯದಲ್ಲಿ ಮಿನುಗಿದರೆ ಅದರ ಫೋಟೋ ಅಥವಾ ವಿಡಿಯೋ ತೆಗೆದುಕೊಂಡು, ಅದೇ ಮಾದರಿಯ ಕೈಪಿಡಿಯಲ್ಲಿ ಅರ್ಥ ನೋಡಿ. ಒಂದು ತಯಾರಕರ ಸಂಕೇತಕ್ಕೆ ಇನ್ನೊಬ್ಬರಲ್ಲಿ ಬೇರೆಯೇ ಅರ್ಥವಿರುತ್ತದೆ. ಎಂಸಿಬಿ ಇಳಿಸಿ 5 ನಿಮಿಷ ಬಿಟ್ಟು ಹಾಕಿದಾಗ ಸಂಕೇತ ಮರೆಯಾಗಿ ಮತ್ತೆ ಬಾರದಿದ್ದರೆ ಅದು ವೋಲ್ಟೇಜಿನ ಏರಿಳಿತದ ಫಲವಾಗಿರಬಹುದು. ಮರಳಿದರೆ ಉಷ್ಣತೆ ಅಳೆಯುವ ಸೆನ್ಸರ್, ಘಟಕಗಳ ನಡುವಿನ ಸಂಪರ್ಕದ ತಂತಿ ಅಥವಾ ಬೋರ್ಡು, ಇವುಗಳಲ್ಲಿ ಒಂದಿರಬಹುದು. ಇವುಗಳಲ್ಲಿ ಸೆನ್ಸರ್ ಅಗ್ಗದ ಭಾಗ, ಬೋರ್ಡು ದುಬಾರಿ. ಸೆನ್ಸರನ್ನು ಅಳೆಯದೆ ಬೋರ್ಡು ಬದಲಿಸಲು ಹೊರಟವರನ್ನು ಸ್ವಲ್ಪ ತಡೆದು ನಿಲ್ಲಿಸುವುದು ಮರ್ಯಾದೆಗೇಡೇನಲ್ಲ.

ಈಗ ಗ್ಯಾಸಿನ ಮಾತು

ಫಿಲ್ಟರ್ ಶುಚಿ, ಎರಡೂ ಫ್ಯಾನುಗಳು ಸರಿ, ಕಂಪ್ರೆಸರ್ ನಿಲ್ಲದೆ ಓಡುತ್ತಿದೆ, ಆದರೂ ಉಷ್ಣತೆಯ ಅಂತರ ಏರುತ್ತಿಲ್ಲ. ಇಲ್ಲಿಗೆ ಬಂದಾಗ ಅನಿಲದ ಸೋರಿಕೆಯನ್ನು ಅನುಮಾನಿಸುವುದು ನ್ಯಾಯ. ಹೊರಘಟಕಕ್ಕೆ ಸೇರುವ ಎರಡು ತಾಮ್ರದ ಕೊಳವೆಗಳು ಸಾಕ್ಷಿ ಹೇಳುತ್ತವೆ. ಹೆಚ್ಚಿನ ಸ್ಪ್ಲಿಟ್ ಎಸಿಗಳಲ್ಲಿ 15–20 ನಿಮಿಷ ಓಡಿದ ಮೇಲೆ ದಪ್ಪ ಕೊಳವೆಯ ವಾಲ್ವ್ ತಣ್ಣಗಾಗಿ ಬೆವರಬೇಕು. ತೆಳು ಕೊಳವೆಯ ವಾಲ್ವ್ ಮಾತ್ರ ಬಿಳಿ ಮಂಜು ಹೊದ್ದು, ದಪ್ಪ ಕೊಳವೆ ಬೆಚ್ಚಗೇ ಉಳಿದಿದ್ದರೆ ಅನಿಲ ಕಡಿಮೆಯಿರುವ ಸಾಧ್ಯತೆ ದಟ್ಟ. ಕೊಳವೆಯ ಜೋಡಣೆಯ ಸುತ್ತ ಎಣ್ಣೆಯ ಜಿಡ್ಡು, ಅದಕ್ಕಂಟಿದ ಧೂಳು ಕಂಡರೆ ಸೋರಿಕೆಯ ಜಾಗವೂ ಸಿಕ್ಕಂತೆ, ಏಕೆಂದರೆ ಅನಿಲದೊಂದಿಗೆ ಕಂಪ್ರೆಸರಿನ ಎಣ್ಣೆಯೂ ಕೊಂಚ ಕೊಂಚ ಹೊರಬರುತ್ತದೆ.

ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕೆಲವು ವಾರ ತಂಪು ಬರುತ್ತದೆ, ಆಮೇಲೆ ಅದೇ ಕಥೆ. ಸರಿಯಾದ ಕ್ರಮ ಹೀಗಿರುತ್ತದೆ: ಉಳಿದ ಅನಿಲವನ್ನು ಸುರಕ್ಷಿತವಾಗಿ ಹೊರತೆಗೆದು, ಕೊಳವೆಗಳಿಗೆ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡಿ, ಸಾಬೂನು ನೀರಿನಿಂದ ಸೋರಿಕೆಯ ಜಾಗ ಹಿಡಿದು, ಅದನ್ನು ಸರಿಪಡಿಸಿ, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ ಮತ್ತು ತೇವವನ್ನು ಪೂರ್ತಿ ಎಳೆದು, ನಂತರ ಘಟಕದ ಹೆಸರುಪಟ್ಟಿಯಲ್ಲಿ ನಮೂದಿಸಿದಷ್ಟೇ ಅನಿಲವನ್ನು ತಕ್ಕಡಿಯಲ್ಲಿ ತೂಗಿ ತುಂಬುವುದು. ವ್ಯಾಕ್ಯೂಮಿನ ಆಳವನ್ನು ಅಳೆಯುವ ಮೀಟರಿರುವವರು 500 ಮೈಕ್ರಾನಿಗೆ (ಇಲ್ಲಿ ಮೈಕ್ರಾನ್ ಎಂದರೆ ಒಳಗೆ ಉಳಿದ ಒತ್ತಡದ ಅಳತೆ) ಇಳಿಸುತ್ತಾರೆ. ಪಂಪೇ ತಾರದೆ, ಸ್ವಲ್ಪ ಗ್ಯಾಸ್ ಬಿಟ್ಟು ಕೊಳವೆಯ ಗಾಳಿಯನ್ನು ಹೊರಗಟ್ಟುವ ಅಡ್ಡದಾರಿಯಲ್ಲಿ ತೇವ ಒಳಗೇ ಉಳಿದು ಕಂಪ್ರೆಸರಿನ ಎಣ್ಣೆಯನ್ನು ಕೆಡಿಸುತ್ತದೆ. ಒತ್ತಡದ ಪರೀಕ್ಷೆಗೆ ಆಮ್ಲಜನಕ ಬಳಸಿದರೆ ಎಣ್ಣೆಯೊಂದಿಗೆ ಸೇರಿ ಸ್ಫೋಟವೇ ಆಗಬಹುದು. ಯಾರಾದರೂ ಹಾಗೆ ಹೊರಟರೆ ಸಂಕೋಚ ಪಡದೆ ಕೆಲಸ ನಿಲ್ಲಿಸಿ.

ಯಾವ ಅನಿಲ ಎಂಬುದೂ ಮುಖ್ಯ. ಹಳೆಯ ಯಂತ್ರಗಳಲ್ಲಿ ಆರ್-22 ಇರುತ್ತದೆ; ಓಜೋನ್ ಪದರಕ್ಕೆ ಹಾನಿ ಮಾಡುವುದರಿಂದ, 1987ರ ಮಾಂಟ್ರಿಯಲ್ ಒಪ್ಪಂದದಿಂದ ಆರಂಭವಾದ ಕ್ರಮಗಳಡಿ ಅದನ್ನು ಹಂತಹಂತವಾಗಿ ಕೈಬಿಡಲಾಗುತ್ತಿದೆ. ನಂತರದವುಗಳಲ್ಲಿ ಆರ್-410ಎ, ಈಚಿನವುಗಳಲ್ಲಿ ಹೆಚ್ಚಾಗಿ ಆರ್-32, ಕೆಲವಲ್ಲಿ ಆರ್-290. ಒಂದಿದ್ದಲ್ಲಿ ಇನ್ನೊಂದನ್ನು ತುಂಬುವಂತಿಲ್ಲ, ಬೆರೆಸುವಂತೆಯೂ ಇಲ್ಲ. ಆರ್-32 ಅಲ್ಪಮಟ್ಟಿಗೆ ಉರಿಯುವ ಗುಣದ್ದು, ಆರ್-290 ಎಂದರೆ ಪ್ರೊಪೇನ್, ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಇಂಥ ಅನಿಲ ಕೊಳವೆಯಲ್ಲಿ ಇರುವಾಗಲೇ ಬೆಸುಗೆಯ ಜ್ವಾಲೆ ಹಿಡಿಯುವವರ ಕೈಗೆ ಎಸಿಯನ್ನು ಒಪ್ಪಿಸಬಾರದು.

ಎಸಿ ಸರಿಯಿದೆ, ಕೋಣೆ ಸರಿಯಿಲ್ಲ

ಥರ್ಮಾಮೀಟರಿನ ಅಂತರ 10 ಡಿಗ್ರಿ ತೋರಿಸುತ್ತಿದ್ದರೂ ಕೋಣೆ 29ರಿಂದ ಕೆಳಗಿಳಿಯದಿದ್ದರೆ ಯಂತ್ರವನ್ನು ದೂರಬೇಡಿ. ಎಸಿಗಳ ಸಾಮರ್ಥ್ಯವನ್ನು ಸಾಮಾನ್ಯವಾಗಿ ಹೊರಗೆ 35 ಡಿಗ್ರಿ ಇರುವ ಸ್ಥಿತಿಯಲ್ಲಿ ಅಳೆಯುತ್ತಾರೆ. ಹೊರಗೆ 44–45 ಆದಾಗ ಅದೇ ಎಸಿ ಹೆಚ್ಚು ಕರೆಂಟು ಎಳೆದು ಕಡಿಮೆ ತಂಪು ಕೊಡುತ್ತದೆ. ಪಶ್ಚಿಮದ ಗಾಜಿನ ಕಿಟಕಿ, ಕಾದ ಮೇಲ್ಛಾವಣಿ, ಸಂದಿಬಿಟ್ಟ ಬಾಗಿಲು, ಎಲ್ಲವೂ ಶಾಖ ಸುರಿಯುತ್ತಿರುತ್ತವೆ. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈಯಿಂದಲೇ ಸುಮಾರು 100 ವ್ಯಾಟ್ ಶಾಖ ಹೊರಡುತ್ತದೆ. ಬಿಸಿಲು ಬೀಳುವ ಮುನ್ನವೇ ಪರದೆ ಎಳೆದು, ಬಾಗಿಲ ಸಂದಿ ಮುಚ್ಚಿ, ಎಸಿಯನ್ನು ಮಧ್ಯಾಹ್ನದ ಬದಲು ಸ್ವಲ್ಪ ಮೊದಲೇ ಹಾಕಿ ನೋಡಿ. ಇನ್ವರ್ಟರ್ ಅಲ್ಲದ ಎಸಿಯಲ್ಲಿ 24ರ ಬದಲು 16ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಎಂಬುದು ಭ್ರಮೆ. ಕಂಪ್ರೆಸರ್ ಓಡುವ ವೇಗ ಎರಡರಲ್ಲೂ ಒಂದೇ. ಇನ್ವರ್ಟರ್ ಎಸಿ ಗುರಿ ಮುಟ್ಟಿದ ಮೇಲೆ ಕಂಪ್ರೆಸರನ್ನು ನಿಧಾನಗೊಳಿಸುವುದರಿಂದ ಗಾಳಿ ಮೊದಲಿನಷ್ಟು ಚುರುಕಾಗಿ ತಣ್ಣಗಿರುವುದಿಲ್ಲ, ಅದು ದೋಷವಲ್ಲ.

ತಂತ್ರಜ್ಞರು ಬರುವವರೆಗೆ, ಬಂದ ಮೇಲೆ

ಕಾಯುವ ಹೊತ್ತಿನಲ್ಲಿ ವಯಸ್ಸಾದವರು, ಹಸುಳೆಗಳು, ಕಾಯಿಲೆಯವರನ್ನು ಮನೆಯ ಅತಿ ತಂಪಾದ ಕೋಣೆಗೆ ಸೇರಿಸಿ, ನೀರು ಕುಡಿಸುತ್ತಿರಿ. ಕೋಣೆಯ ಗಾಳಿಯೇ 40 ಡಿಗ್ರಿ ದಾಟಿದ್ದರೆ ಫ್ಯಾನ್ ಮೈಯನ್ನು ತಂಪಾಗಿಸುವ ಬದಲು ಕಾಯಿಸುತ್ತದೆ. ಆಗ ಒದ್ದೆ ಬಟ್ಟೆಯಿಂದ ಮೈ ಒರೆಸುವುದು ಮೇಲು. ಯಾರಿಗಾದರೂ ಗೊಂದಲ, ತೊದಲು, ಪ್ರಜ್ಞೆ ಮಸುಕಾಗುವುದು ಕಂಡರೆ ಎಸಿಯನ್ನು ಮರೆತು ತಕ್ಷಣ ವೈದ್ಯಕೀಯ ನೆರವು ಪಡೆಯಿರಿ.

ಬಂದವರಿಗೆ ಮಾದರಿ ಸಂಖ್ಯೆ, ತೊಂದರೆ ಶುರುವಾದ ದಿನ, ಥರ್ಮಾಮೀಟರಿನ ಎರಡು ಅಂಕಿ, ಹೊರಘಟಕದಲ್ಲಿ ಕಂಡ ದೃಶ್ಯ, ಪರದೆಯ ಸಂಕೇತ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಯಾವ ಭಾಗ ಬದಲಿಸಿದರೂ ಹಳೆಯದನ್ನು ಕೇಳಿ ಪಡೆಯಿರಿ. ಗ್ಯಾಸ್ ತುಂಬಿದ್ದರೆ ಯಾವ ಅನಿಲ, ಎಷ್ಟು ಗ್ರಾಂ, ಸೋರಿಕೆ ಎಲ್ಲಿತ್ತು ಎಂಬುದನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳಿ. ಅವರು ಹೊರಡುವ ಮುನ್ನ ಎಸಿಯನ್ನು 20 ನಿಮಿಷ ಓಡಿಸಿ, ಅವರ ಎದುರಿಗೇ ಮತ್ತೊಮ್ಮೆ ಗಾಳಿ ಒಳಹೋಗುವಲ್ಲಿ ಮತ್ತು ಹೊರಬರುವಲ್ಲಿ ಉಷ್ಣತೆ ಅಳೆದು, ದಿನಾಂಕದೊಂದಿಗೆ ಆ ಎರಡು ಅಂಕಿಗಳನ್ನು ಒಳಘಟಕದ ಹಲಗೆಯ ಹಿಂಬದಿಗೆ ಚೀಟಿ ಅಂಟಿಸಿ ಬರೆದಿಡಿ. ಮುಂದಿನ ಬೇಸಿಗೆಯಲ್ಲಿ ಹೋಲಿಸಿ ನೋಡಲು ಅವು ಬೇಕಾಗುತ್ತವೆ.